ಕಾಯಕಕ್ಕೊಂದು ಸ್ವಂತ ಮನೆ

ಕಳೆದ ಶ್ರಾವಣ ಮಾಸದಲ್ಲಿ ಧಾರವಾಡದ ಸಮೀಪದ ಊರೊಂದರಲ್ಲಿ ನಮ್ಮ ಪ್ರವಚನ ಮುಗಿದ ಬಳಿಕ ತಂದೆ ಮಗಳಿಬ್ಬರು ನಮ್ಮನ್ನು ಕಾಣಲು ಬಂದರು. ಮಗಳು ಚಿತ್ರಕಲೆಯಲ್ಲಿ ಪದವಿ ಪಡೆದವಳು. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು, ಮುಖಪುಟಗಳನ್ನು ರಚಿಸುವುದು ಆಕೆಯ ಕಾಯಕ. ಏಳು ವರ್ಷಗಳ ಹಿಂದೆ ಆಕೆ ತನ್ನ ಚಿತ್ರಗಳನ್ನು ಜನರಿಗೆ ತೋರಿಸುವ ಸಲುವಾಗಿ ತನ್ನ ಹೆಸರಿನಲ್ಲಿಯೇ ಒಂದು ಜಾಲತಾಣವನ್ನು ಮಾಡಿಸಿಕೊಂಡಿದ್ದಳು. ಆಕೆ ಚಿತ್ರ ಬರೆದ ಪುಸ್ತಕಗಳ ಹಿಂಬದಿಯಲ್ಲಿ ಆ ತಾಣದ ವಿಳಾಸವೂ ಅಚ್ಚಾಗಿತ್ತು. ಈಗ ಆ ವಿಳಾಸವನ್ನು ಮೊಬೈಲಿನಲ್ಲಿ ತೆರೆದರೆ ಕಾಣುವುದು ಆಕೆಯ ಚಿತ್ರಗಳಲ್ಲ, ಹಣ ಕಟ್ಟಿ ಆಡುವ ಜೂಜಿನ ಜಾಹೀರಾತು!

“ಗುರುಗಳ, ನನ್ನ ಹೆಸರಿನ ಮನಿಯೊಳಗ ಬ್ಯಾರೆ ಯಾರೋ ಬಂದು ಕುಂತಾರ್ರೀ. ಸಣ್ಣ ಹುಡುಗರು ಪುಸ್ತಕ ನೋಡಿ ಅಲ್ಲಿಗೇ ಹೋಗತಾವ” ಎಂದು ಆಕೆ ಕಣ್ಣೀರು ತಂದಳು. ತಂದೆಯವರದು ಇನ್ನೊಂದು ಪ್ರಶ್ನೆ: “ರೊಕ್ಕಾ ಕೊಟ್ಟು ಮಾಡಿಸಿದ್ದು ನಮ್ಮದು ಅಲ್ಲೇನ್ರೀ?”

ವಿಚಾರಿಸಿದಾಗ ಸಂಗತಿ ತಿಳಿಯಿತು. ತಾಣವನ್ನು ಕಟ್ಟಿಕೊಟ್ಟಿದ್ದ ವ್ಯಕ್ತಿ ಆ ಹೆಸರನ್ನು ಹುಡುಗಿಯ ಹೆಸರಿನಲ್ಲಿ ನೋಂದಾಯಿಸದೆ ತನ್ನ ಹೆಸರಿನಲ್ಲಿಯೇ ನೋಂದಾಯಿಸಿದ್ದ. ಕಾಲಾಂತರದಲ್ಲಿ ಆತ ಆ ಉದ್ಯೋಗವನ್ನೇ ಬಿಟ್ಟ. ನವೀಕರಣದ ಸೂಚನೆಗಳೆಲ್ಲ ಆತನ ಹಳೆಯ ಇಮೇಲಿಗೆ ಹೋಗಿ ಬಿದ್ದವು. ಅವಧಿ ತೀರಿತು, ಹೆಸರು ಬಿಡುಗಡೆಯಾಯಿತು, ಅದನ್ನು ಮತ್ತೊಬ್ಬರು ಕೊಂಡುಕೊಂಡರು. ಹುಡುಗಿಯ ಮನೆಯ ಕಂಪ್ಯೂಟರು ಅದಕ್ಕೂ ಮೊದಲೇ ಕೆಟ್ಟಿದ್ದರಿಂದ ಅನೇಕ ಚಿತ್ರಗಳು ಆ ತಾಣದಲ್ಲಿ ಮಾತ್ರ ಉಳಿದಿದ್ದವು, ಅವೂ ಹೋದವು.

ಇಂದಿನ ದಿನಮಾನಗಳಲ್ಲಿ ನಮ್ಮ ಅನೇಕ ಮನೆಗಳಲ್ಲಿ ಮಗ ಛಾಯಾಗ್ರಾಹಕನಾಗಿದ್ದಾನೆ, ಮಗಳು ವಸ್ತ್ರವಿನ್ಯಾಸ ಮಾಡುತ್ತಾಳೆ, ಸೊಸೆ ಕಟ್ಟಡಗಳ ನಕ್ಷೆ ಬರೆಯುತ್ತಾಳೆ. ಇಂಥವರಿಗೆ ಕೆಲಸ ಕೊಡುವವರು ಮೊದಲು ಕೇಳುವುದು “ನಿಮ್ಮ ಕೆಲಸ ಎಲ್ಲಿ ನೋಡಬಹುದು?” ಎಂದೇ. ಆದ್ದರಿಂದ ಕಂಪ್ಯೂಟರ್ ಬಲ್ಲ ನಮ್ಮ ಶಿಷ್ಯರೊಬ್ಬರ ಬಳಿ ಕುಳಿತು ನಾವು ತಿಳಿದುಕೊಂಡುದನ್ನು ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ಇದು ಆತ್ಮಸ್ತುತಿಯೆ?

ತನ್ನ ಕೆಲಸವನ್ನು ತಾನೇ ತೋರಿಸಿಕೊಳ್ಳುವುದು ಆತ್ಮಸ್ತುತಿಯಲ್ಲವೆ ಎಂದು ಹಿರಿಯರು ಕೇಳುವುದುಂಟು. ಈ ಶಂಕೆ ಮೊದಲು ನಮಗೂ ಇದ್ದಿತು. ಆದರೆ ಶರಣರ ಹೆಸರುಗಳನ್ನೇ ನೋಡಿರಿ: ಮಾದಾರ ಚೆನ್ನಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ. ಇವರು ಲೋಕಕ್ಕೆ ಪರಿಚಿತರಾದದ್ದು ತಮ್ಮ ಕಾಯಕದಿಂದ. ಮೇದಾರನು ಹೆಣೆದ ಬುಟ್ಟಿಯನ್ನು ಜನರ ಎದುರಿಗೆ ಇಡುವುದು ಸ್ತುತಿಯಲ್ಲ. ಅದು ಬೇಕಾದವರಿಗೆ ಅದನ್ನು ಮುಟ್ಟಿಸುವ ದಾರಿ. ಇಲ್ಲದ ಗುಣವನ್ನು ಹೇಳಿಕೊಂಡರೆ ಸ್ತುತಿಯಾದೀತು, ಮಾಡಿದ ಕೆಲಸವನ್ನು ಮಾಡಿದಂತೆಯೇ ತೋರಿಸಿದರೆ ಅದು ಸತ್ಯನಿವೇದನೆಯೇ ಸರಿ.

ವಚನಗಳ ಅಂಕಿತವನ್ನೂ ಇಲ್ಲಿ ನೆನೆಯಬೇಕು. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುಗಳದು ಗುಹೇಶ್ವರ. ಅಂಕಿತವೆಂಬುದು ಸಾಮಾನ್ಯವಾಗಿ ವಚನಕಾರರ ಸ್ವಂತ ಹೆಸರಲ್ಲ, ಅವರ ಇಷ್ಟದೈವದ ಹೆಸರು. ಅದರಲ್ಲಿ ಅಹಂಕಾರದ ಲೇಶವೂ ಇಲ್ಲ. ಆದರೂ ಶತಮಾನಗಳ ಕಾಲ ಓಲೆಗರಿಗಳು ಊರಿಂದೂರಿಗೆ, ಕೈಯಿಂದ ಕೈಗೆ ಸಾಗಿದಾಗ ಯಾವ ಮಾತು ಯಾರದೆಂದು ತಿಳಿಸಿದ್ದು ವಚನದ ಒಳಗೇ ಸೇರಿದ್ದ ಆ ಅಂಕಿತವೇ. ಇಂದಿನ ಕಲಾವಿದರೂ ತಮ್ಮ ಹೆಸರು ಹಾಗೂ ವರ್ಷವನ್ನು ಚಿತ್ರದ ಕಡತದ ಒಳಗೇ ಬರೆದಿಡಲು ಅವಕಾಶವಿದೆ. ಚಿತ್ರವನ್ನು ಸಿದ್ಧಪಡಿಸುವ ತಂತ್ರಾಂಶಗಳಲ್ಲಿ ಅದಕ್ಕೆಂದೇ ಜಾಗವಿರುತ್ತದೆ. ಬಹುಮಂದಿ ಅದನ್ನು ಖಾಲಿ ಬಿಡುತ್ತಾರೆ.

ಹೆಸರು, ನೆಲ, ಮನೆ

ಜಾಲತಾಣವೆಂದರೆ ಒಂದೇ ವಸ್ತುವಲ್ಲ, ಮೂರು ಸಂಗತಿಗಳ ಕೂಟ. ಮೊದಲನೆಯದು ಡೊಮೇನ್, ಅಂದರೆ ತಾಣದ ಹೆಸರು. ಎರಡನೆಯದು ಹೋಸ್ಟಿಂಗ್, ಅಂದರೆ ತಾಣವು ನೆಲೆಸುವ ಬಾಡಿಗೆಯ ನೆಲ. ಮೂರನೆಯದು ಆ ನೆಲದ ಮೇಲೆ ಕಟ್ಟಿದ ಪುಟಗಳು ಮತ್ತು ಚಿತ್ರಗಳು. ಮನೆಯನ್ನು ಕೆಡವಿ ಮತ್ತೆ ಕಟ್ಟಬಹುದು, ನೆಲವನ್ನು ಬದಲಿಸಬಹುದು. ಹೆಸರು ಕೈಯಲ್ಲಿದ್ದರೆ ಬರುವವರು ದಾರಿ ತಪ್ಪುವುದಿಲ್ಲ. ಹೆಸರೇ ಹೋದರೆ ಉಳಿದೆರಡು ಇದ್ದೂ ಇಲ್ಲದಂತೆಯೇ.

ಈ ಹೆಸರನ್ನು ಯಾರೂ ಶಾಶ್ವತವಾಗಿ ಕೊಂಡುಕೊಳ್ಳಲಾರರು. ಒಂದರಿಂದ ಹತ್ತು ವರ್ಷಗಳ ಅವಧಿಗೆ ನೋಂದಾಯಿಸಿ, ಅವಧಿ ತೀರುವ ಮೊದಲೇ ನವೀಕರಿಸುತ್ತ ಹೋಗಬೇಕು. ನಮ್ಮ ದೇಶದ ‘.ಇನ್’ ಹೆಸರುಗಳು 2005ರಿಂದ ಸಾರ್ವಜನಿಕರಿಗೆ ಮುಕ್ತವಾಗಿ ದೊರೆಯುತ್ತಿವೆ. ಸಾಮಾನ್ಯ ಹೆಸರೊಂದಕ್ಕೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ತಗಲುತ್ತದೆ. ಅವಧಿ ತೀರಿದ ಬಳಿಕವೂ ಸಾಮಾನ್ಯವಾಗಿ ಕೆಲವು ವಾರಗಳ ಅವಕಾಶವಿರುತ್ತದೆ. ಆದರೆ ದಿನ ಕಳೆದಂತೆ ಮರಳಿ ಪಡೆಯುವ ಖರ್ಚು ಏರುತ್ತದೆ. ಆಮೇಲೆ ಯಾರು ಬೇಕಾದರೂ ಕೊಳ್ಳಬಹುದು.

ಆದುದರಿಂದ ತಾಣವನ್ನು ಯಾರಿಂದಲಾದರೂ ಕಟ್ಟಿಸಿರಿ, ಹೆಸರಿನ ನೋಂದಣಿ ಮಾತ್ರ ಕಲಾವಿದರ ಸ್ವಂತ ಹೆಸರು, ಸ್ವಂತ ಇಮೇಲ್, ಸ್ವಂತ ಮೊಬೈಲಿನಲ್ಲಿಯೇ ಇರಬೇಕು. ಹೊಲ ಕೊಂಡವರು ಉತಾರದಲ್ಲಿ ತಮ್ಮ ಹೆಸರು ಏರಿದೆಯೇ ಎಂದು ನೋಡುವುದಿಲ್ಲವೆ? ಇದೂ ಹಾಗೆಯೇ. ಆ ತಂದೆಯವರ ಪ್ರಶ್ನೆಗೆ ಉತ್ತರವೂ ಇದೇ. ಅವರು ಹಣ ಕೊಟ್ಟದ್ದು ನಿಜ. ಉತಾರದಲ್ಲಿ ಇದ್ದುದು ಮಾತ್ರ ಬೇರೊಬ್ಬರ ಹೆಸರು.

ಸಂತೆಯ ಅಂಗಡಿ

ಇನ್‌ಸ್ಟಾಗ್ರಾಮ್, ಬಿಹ್ಯಾನ್ಸ್‌ಗಳಲ್ಲಿ ಖರ್ಚಿಲ್ಲದೆ ಚಿತ್ರಗಳನ್ನು ಇಡಬಹುದಲ್ಲ, ಸ್ವಂತ ತಾಣದ ಹಂಗೇಕೆ ಎಂದು ತರುಣರು ಕೇಳುತ್ತಾರೆ. ಅವು ಸಂತೆಯಿದ್ದಂತೆ. ಜನ ಸೇರುವುದು ಅಲ್ಲಿಯೇ ಆದ್ದರಿಂದ ಹೋಗಲೇಬೇಕು. ಆದರೆ ಸಂತೆಯ ಮೈದಾನ ನಮ್ಮದಲ್ಲ. ಮನೆಯ ಪೆಟ್ಟಿಗೆಯನ್ನು ಯಾರೂ ಅಲ್ಲಿ ಬಿಟ್ಟು ಬರುವುದಿಲ್ಲ.

ಇದಕ್ಕೆ ಉದಾಹರಣೆಗಳು ಬೇಕಾದಷ್ಟಿವೆ. ಜಿಯೋಸಿಟೀಸ್ ಎಂಬ ತಾಣದಲ್ಲಿ ಜಗತ್ತಿನ ಲಕ್ಷಾಂತರ ಜನರು ಪುಟಗಳನ್ನು ಕಟ್ಟಿಕೊಂಡಿದ್ದರು. ಅದರ ಒಡೆತನ ಹೊಂದಿದ್ದ ಯಾಹೂ ಸಂಸ್ಥೆಯು 2009ರ ಅಕ್ಟೋಬರ್ ತಿಂಗಳಿನಲ್ಲಿ ಅಮೆರಿಕದಲ್ಲಿ ಅದನ್ನು ಮುಚ್ಚಿತು. ಸಂಗೀತಗಾರರ ನೆಚ್ಚಿನ ಮೈಸ್ಪೇಸ್ ತಾಣದಲ್ಲಿ 2015ಕ್ಕೆ ಮೊದಲು ಸೇರಿಸಿದ್ದ ಹಾಡುಗಳು ಸರ್ವರ್ ಬದಲಾವಣೆಯ ವೇಳೆ ನಷ್ಟವಾದುದು 2019ರಲ್ಲಿ ಬಹಿರಂಗವಾಯಿತು. ನಮ್ಮ ದೇಶದಲ್ಲಿ 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ, ಅದೊಂದನ್ನೇ ನಂಬಿದ್ದ ಕಲಾವಿದರು ತಮ್ಮ ನೋಡುಗರನ್ನೆಲ್ಲ ಕಳೆದುಕೊಂಡರು. ನಿಷೇಧದ ಕಾರಣಗಳು ಬೇರೆ, ಅವುಗಳ ಚರ್ಚೆ ಇಲ್ಲಿ ಅಪ್ರಸ್ತುತ. ಸಂತೆ ಎತ್ತಿಹೋದಾಗ ಹಿಂದಿರುಗಲು ಒಂದು ಮನೆ ಇರಬೇಕೆಂಬುದಷ್ಟೇ ನಮ್ಮ ಅಭಿಪ್ರಾಯ.

ಮನೆಯಲ್ಲಿ ಏನಿರಬೇಕು?

ಮಾಡಿದ್ದೆಲ್ಲವನ್ನೂ ತುಂಬಿದರೆ ತಾಣವು ಉಗ್ರಾಣವಾಗುತ್ತದೆ. ಹದಿನೈದು ಇಪ್ಪತ್ತು ಉತ್ತಮ ಕೆಲಸಗಳು ಸಾಕು. ಮುಂದೆ ಎಂಥ ಕೆಲಸ ಬರಬೇಕೆಂದು ಬಯಸುತ್ತೀರೋ ಅಂಥವೇ ಮೊದಲಿರಲಿ. ಪ್ರತಿಯೊಂದರ ಕೆಳಗೆ ಅದು ಏನು, ಯಾವ ವರ್ಷದ್ದು, ಯಾರಿಗಾಗಿ ಮಾಡಿದ್ದು, ಅದರಲ್ಲಿ ತನ್ನ ಪಾಲೆಷ್ಟು ಎಂಬುದನ್ನು ಎರಡು ಮೂರು ಸಾಲುಗಳಲ್ಲಿ ಬರೆಯಬೇಕು. ನಾಲ್ವರು ಕೂಡಿ ಮಾಡಿದ ಕೆಲಸವನ್ನು ತನ್ನೊಬ್ಬನದೆಂದು ತೋರಿಸುವುದು ಕಾಯಕದ ಕಳವು. ಜೊತೆಗಾರರ ಹೆಸರು ಬರೆದರೆ ಯಾರೂ ಸಣ್ಣವರಾಗುವುದಿಲ್ಲ.

ಕಾಯಿದೆಯನ್ನೂ ಅರಿತಿರಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯ 17ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಹಣ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಸ್ವಾಮ್ಯವು ತೆಗೆಸಿದವರದು. ನೌಕರಿಯ ಭಾಗವಾಗಿ ರಚಿಸಿದ ಕೃತಿಯ ಸ್ವಾಮ್ಯವು ಸಾಮಾನ್ಯವಾಗಿ ಮಾಲೀಕರದು. ಹೀಗಿರುವಾಗ ಮದುವೆಯ ಛಾಯಾಗ್ರಾಹಕನು ವಧೂವರರ ಚಿತ್ರಗಳನ್ನು ತನ್ನ ತಾಣದಲ್ಲಿ ಇಡುವ ಮೊದಲು ಅವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. ಕೆಲಸ ಹಿಡಿಯುವಾಗಲೇ ಇದನ್ನು ಕೇಳಿಕೊಳ್ಳುವುದು ಲೇಸು.

ತಾಣವನ್ನು ನೋಡುವವರಲ್ಲಿ ಬಹುಪಾಲು ಜನರು ನೋಡುವುದು ಮೊಬೈಲಿನಲ್ಲಿ. ಭಾರವಾದ ಚಿತ್ರಗಳಿದ್ದರೆ ಪುಟ ತೆರೆಯುವಷ್ಟರಲ್ಲಿ ಅವರು ಹೊರಟುಹೋಗಿರುತ್ತಾರೆ. ಉದ್ದದ ಬದಿಯು 2000 ಪಿಕ್ಸೆಲ್‌ಗಳಷ್ಟಿರುವ ಪ್ರತಿಯನ್ನು ತಾಣಕ್ಕೆ ಹಾಕಿ, ಮೂಲವನ್ನು ಮನೆಯಲ್ಲಿ ಇಟ್ಟುಕೊಂಡರೆ ಸಾಕು. ಕಣ್ಣು ಕಾಣದವರಿಗೆ ಓದಿ ಹೇಳುವ ಯಂತ್ರಗಳ ಸಲುವಾಗಿ ಪ್ರತಿ ಚಿತ್ರಕ್ಕೂ ಒಂದು ಸಾಲಿನ ವಿವರಣೆ ಸೇರಿಸಬೇಕು. ಕನ್ನಡವನ್ನು ಯುನಿಕೋಡ್‌ನಲ್ಲಿಯೇ ಬರೆಯಬೇಕು. ಹಳೆಯ ಅಕ್ಷರವಿನ್ಯಾಸಗಳಲ್ಲಿ ಬರೆದದ್ದು ಇತರರ ಯಂತ್ರಗಳಲ್ಲಿ ಅರ್ಥವಿಲ್ಲದ ಗೀಚುಗಳಾಗಿ ಕಾಣುತ್ತದೆ, ಹುಡುಕಿದರೆ ಸಿಗುವುದೂ ಇಲ್ಲ. ಸಂಪರ್ಕದ ವಿವರ ಪ್ರತಿ ಪುಟದಲ್ಲಿಯೂ ಇರಲಿ. ಆದರೆ ಮನೆಯ ವಿಳಾಸವನ್ನು, ವಿಶೇಷವಾಗಿ ಹೆಣ್ಣುಮಕ್ಕಳು, ಹಾಕತಕ್ಕದ್ದಲ್ಲ.

ಓಲೆಗರಿಯ ಪಾಠ

ನಾವು ಮಠದ ಪಾಠಶಾಲೆಯಲ್ಲಿದ್ದಾಗ ಹಿರಿಯರು ಓಲೆಗರಿಯ ಕಟ್ಟುಗಳನ್ನು ಆಗಾಗ ಹೊರತೆಗೆಸಿ ಧೂಳು ಒರೆಸಿಸುತ್ತಿದ್ದರು, ಎಣ್ಣೆ ಸವರಿಸುತ್ತಿದ್ದರು, ಹುಳು ಬಿದ್ದಿದೆಯೇ ಎಂದು ಒಂದೊಂದು ಗರಿಯನ್ನೂ ನೋಡಿಸುತ್ತಿದ್ದರು. ಶಿಥಿಲವಾದ ಕಟ್ಟನ್ನು ಪ್ರತಿ ಮಾಡಿಸುತ್ತಿದ್ದರು. ವಿಜಯಪುರದ ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ಇಂಥ ಕಟ್ಟುಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಅವರಿಗೆ ಆ ಕಟ್ಟುಗಳು ದೊರೆತದ್ದು, ಹೆಸರು ತಿಳಿಯದ ಎಷ್ಟೋ ಮಂದಿ ತಲೆಮಾರುಗಳ ಕಾಲ ಅವುಗಳನ್ನು ಒರೆಸಿ, ಪ್ರತಿ ಮಾಡಿ ಇಟ್ಟುಕೊಂಡಿದ್ದರಿಂದ. ಜಾಲತಾಣಕ್ಕೂ ಇದೇ ನಿಯಮ. ಕಟ್ಟುವುದು ಒಂದು ತಿಂಗಳ ಕೆಲಸ, ಕಾಯುವುದು ಜೀವಮಾನದ ಕೆಲಸ.

ತಿಂಗಳಿಗೊಮ್ಮೆ ತಾಣವನ್ನು ಪರರ ಮೊಬೈಲಿನಲ್ಲಿ ತೆರೆದು ನೋಡಬೇಕು, ಸಂಪರ್ಕದ ನಮೂನೆಯಿಂದ ತನಗೆ ತಾನೇ ಒಂದು ಪತ್ರ ಕಳಿಸಿ ಅದು ಮುಟ್ಟುವುದೇ ಎಂದು ಪರೀಕ್ಷಿಸಬೇಕು. ತಾಣದ ತಂತ್ರಾಂಶವನ್ನು ಕಾಲಕಾಲಕ್ಕೆ ಹೊಸದಾಗಿಸದಿದ್ದರೆ ಕಳ್ಳರಿಗೆ ಕದ ತೆರೆದಿಟ್ಟಂತೆ. ಆರು ತಿಂಗಳಿಗೊಮ್ಮೆ ಹಳೆಯ ಕೆಲಸವನ್ನು ತೆಗೆದು ಹೊಸದನ್ನು ಸೇರಿಸಬೇಕು. ಎಲ್ಲ ಮೂಲಗಳ ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಅವುಗಳಲ್ಲೊಂದು ಬೇರೆ ಊರಿನಲ್ಲೋ ಬೇರೆ ಮನೆಯಲ್ಲೋ ಇರಬೇಕು.

ಕಾಲದೊಂದಿಗೆ ಲಿಪಿ ಬದಲಾದಂತೆ ತಂತ್ರವೂ ಬದಲಾಗುತ್ತದೆ. ಒಂದು ಕಾಲಕ್ಕೆ ವಿನ್ಯಾಸಕಾರರು ಫ್ಲ್ಯಾಶ್ ಎಂಬ ತಂತ್ರದಲ್ಲಿ ಚಲಿಸುವ ಬೆಡಗಿನ ತಾಣಗಳನ್ನು ಕಟ್ಟಿಕೊಂಡರು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಸಂಸ್ಥೆಯು ಅದಕ್ಕೆ ಬೆಂಬಲ ನಿಲ್ಲಿಸಿತು. ಹೊಸ ತಂತ್ರಕ್ಕೆ ಪ್ರತಿ ಮಾಡಿಕೊಳ್ಳದವರ ಕೆಲಸವನ್ನು ಇಂದು ಸಾಮಾನ್ಯ ಬ್ರೌಸರ್‌ಗಳಲ್ಲಿ ನೋಡಲಾಗುವುದಿಲ್ಲ. ಸರಳವಾಗಿ ಕಟ್ಟಿದ ತಾಣವೇ ದೀರ್ಘಾಯುಷಿ.

ಕುಟುಂಬದ ಹೊಣೆ

ಕಲಾಕೃತಿಯ ಸ್ವಾಮ್ಯವು ಕಲಾವಿದನ ಜೀವಿತಾವಧಿಯಲ್ಲದೆ ಆತನ ಮರಣಾನಂತರ 60 ವರ್ಷಗಳ ಕಾಲ ಉಳಿಯುತ್ತದೆ. ಅಂದರೆ ಆತನದೇ ಸ್ವಾಮ್ಯವಾಗಿ ಉಳಿದ ಕೃತಿಗಳು ಮಕ್ಕಳಿಗೆ, ಮೊಮ್ಮಕ್ಕಳಿಗೆ ಬರುವ ಆಸ್ತಿಯೇ ಆಗಿವೆ. ಆದರೆ ಪಾಸ್‌ವರ್ಡ್ ಒಬ್ಬರ ತಲೆಯಲ್ಲಿ ಮಾತ್ರ ಇದ್ದರೆ ಆ ಆಸ್ತಿಯ ಬೀಗದ ಕೈ ಅವರೊಂದಿಗೇ ಹೋಗುತ್ತದೆ. ಹೆಸರು ಎಲ್ಲಿ ನೋಂದಣಿಯಾಗಿದೆ, ಅವಧಿ ಎಂದು ತೀರುತ್ತದೆ, ಮೂಲಗಳು ಎಲ್ಲಿವೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮನೆಯ ಕಾಗದಪತ್ರಗಳೊಂದಿಗೆ ಇಡಬೇಕು. ಮಕ್ಕಳ ಕಲೆಯ ಉದ್ಯೋಗ ತಮಗೆ ತಿಳಿಯದೆಂದು ತಂದೆತಾಯಿಗಳು ದೂರ ನಿಲ್ಲಬಾರದು. ಚಿತ್ರ ಬರೆಯಲು ಬಾರದಿದ್ದರೂ ತಾರೀಖು ನೆನಪಿಡಲು ಯಾರಿಗೆ ಬಾರದು?

ಆ ಹುಡುಗಿ ಈಗ ಹೊಸ ಹೆಸರೊಂದನ್ನು ತನ್ನದೇ ನೋಂದಣಿಯಲ್ಲಿ, ಐದು ವರ್ಷಗಳ ಅವಧಿಗೆ ಪಡೆದಿದ್ದಾಳೆ. ಮಾರಾಟವಾಗದೆ ಉಳಿದ ಪುಸ್ತಕಗಳಲ್ಲಿ ಹಳೆಯ ವಿಳಾಸದ ಮೇಲೆ ಹೊಸದರ ಚೀಟಿ ಅಂಟಿಸಲು ಪ್ರಕಾಶಕರು ಒಪ್ಪಿದ್ದಾರೆ. ಆಗಲೇ ಮನೆಗಳಿಗೆ, ಶಾಲೆಗಳಿಗೆ ಹೋದ ಪ್ರತಿಗಳನ್ನು ಹಿಂದೆ ಕರೆಯುವಂತಿಲ್ಲ. ಕಳೆದುಹೋದ ಚಿತ್ರಗಳಲ್ಲಿ ಕೆಲವನ್ನು ಅಚ್ಚಾದ ಪುಸ್ತಕಗಳಿಂದಲೇ ಮತ್ತೆ ಸ್ಕ್ಯಾನ್ ಮಾಡಿಕೊಂಡಿದ್ದಾಳೆ. ಮೊನ್ನೆ ನಾವು ಅವರ ಮನೆಗೆ ಪ್ರಸಾದಕ್ಕೆ ಹೋದಾಗ ದೇವರ ಜಗಲಿಯ ಪಕ್ಕದ ಗೋಡೆಯಲ್ಲಿ ತೂಗುಹಾಕಿದ ಕ್ಯಾಲೆಂಡರಿನ ಮೇಲ್ತುದಿಯಲ್ಲಿ ಒಂದು ತಾರೀಖನ್ನು ಕೆಂಪು ಶಾಯಿಯಲ್ಲಿ ಬರೆದಿತ್ತು. ಏನೆಂದು ಕೇಳಿದೆವು. “ಮಗಳ ಹೆಸರಿನ ಅವಧಿರೀ. ವರ್ಷಾ ಹೊಸಾ ಕ್ಯಾಲೆಂಡರ್ ಬಂದಾಗ ಮೊದಲ ಅದನ್ನ ಬರೀತೇನಿ” ಎಂದರು ತಂದೆ.

ನಮ್ಮ ಮನೆಗಳ ಕಲಾವಿದ ಮಕ್ಕಳೆಲ್ಲರ ಹಿಂದೆ ಹೀಗೆ ಒಬ್ಬರು ಹಿರಿಯರು ನಿಲ್ಲಲಿ. ಅವರ ಕಾಯಕವು ಅವರ ಹೆಸರಿನಲ್ಲಿಯೇ ಬೆಳಗಲಿ. ಶರಣು ಶರಣಾರ್ಥಿ.