ಬೀಡಿ ಬಿಡಿಸೋಣ, ಬೇಸರ ಕಳೆಯೋಣ

ಮನೆ ಯಜಮಾನರಿಗೆ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸಿದರು. ರಕ್ತನಾಳ ಕಟ್ಟಿಕೊಂಡಿತ್ತು, ಸ್ಟೆಂಟ್ ಹಾಕಿದರು. ಸಾಲಸೋಲ ಮಾಡಿ ಹೇಗೋ ಜೀವ ಉಳಿಸಿಕೊಂಡು ಮನೆಗೆ ಕರೆತಂದದ್ದಾಯಿತು. ಹದಿನೈದು ದಿನ ಕಳೆದಿಲ್ಲ, ಕೊಟ್ಟಿಗೆ ಹಿಂದಿನಿಂದ ಹೊಗೆ ಬರ್ತಿದೆ. ಕೇಳಿದರೆ ಸಿಟ್ಟು. ಕೇಳದಿದ್ದರೆ ಇಡೀ ದಿನ ಗೋಡೆ ನೋಡಿಕೊಂಡು ಕೂತಿರುತ್ತಾರೆ.

"ನಾವೇನು ಮಾಡೋದು?" ಅಂತ ಕಲಿಕಾ ಕೇಂದ್ರಕ್ಕೆ ಬರುವ ಅಕ್ಕಂದಿರು ಕೇಳುತ್ತಾರೆ. ಈ ಪಾಠ ಅವರಿಗಾಗಿ ಬರೆದದ್ದು. ಬೀಡಿ ಸೇದುವ ಅಣ್ಣಂದಿರೂ ಓದಬಹುದು.

ಹೊಗೆ ಹೃದಯಕ್ಕೆ ಏನು ಮಾಡುತ್ತದೆ?

ಹೃದಯ ನಮ್ಮ ಮುಷ್ಟಿಯಷ್ಟು ದೊಡ್ಡದು. ಅದು ಮೈಗೆಲ್ಲ ರಕ್ತ ತಳ್ಳುತ್ತದೆ. ಆದರೆ ಅದಕ್ಕೂ ರಕ್ತ ಬೇಕಲ್ಲ? ಆ ರಕ್ತ ತರುವ ಸಣ್ಣ ನಾಳಗಳಿವೆ. ಗದ್ದೆಗೆ ನೀರು ತರುವ ಕಾಲುವೆ ಇದ್ದ ಹಾಗೆ. ಕಾಲುವೆಯಲ್ಲಿ ಹೂಳು ತುಂಬಿದರೆ ಗದ್ದೆ ಒಣಗುತ್ತದೆ. ನಾಳದಲ್ಲಿ ಕೊಬ್ಬು ಕೂತು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ಹೃದಯದ ಅಷ್ಟು ಭಾಗಕ್ಕೆ ರಕ್ತ ಸಿಗುವುದಿಲ್ಲ. ಇದೇ ಹಾರ್ಟ್ ಅಟ್ಯಾಕ್.

ತಂಬಾಕಿನಲ್ಲಿ ನಿಕೋಟಿನ್ ಎಂಬ ವಸ್ತು ಇದೆ. ಅದು ಹೃದಯದ ಬಡಿತ ಜೋರು ಮಾಡುತ್ತದೆ, ನಾಳಗಳನ್ನು ಬಿಗಿ ಮಾಡುತ್ತದೆ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಇದೆ. ಅದು ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂರುತ್ತದೆ. ಹೊಗೆಯಿಂದ ರಕ್ತ ಬೇಗ ಹೆಪ್ಪುಗಟ್ಟುತ್ತದೆ ಕೂಡ. ಅಂದರೆ ಹೃದಯಕ್ಕೆ ಕೆಲಸ ಹೆಚ್ಚು, ಊಟ ಕಡಿಮೆ.

"ಸ್ಟೆಂಟ್ ಹಾಕಿದಾರೆ, ಇನ್ನೇನೂ ಆಗಲ್ಲ" ಅಂತ ಕೆಲವರು ಹೇಳುತ್ತಾರೆ. ಸ್ಟೆಂಟ್ ಎಂದರೆ ಕಟ್ಟಿದ ಒಂದು ಜಾಗವನ್ನು ತೆರೆದಿಡುವ ಸಣ್ಣ ಲೋಹದ ಬಲೆ, ಅಷ್ಟೆ. ಉಳಿದ ನಾಳಗಳು ಹಳೆಯವೇ. ಹೊಗೆ ಮುಂದುವರಿದರೆ ಸ್ಟೆಂಟ್ ಒಳಗೂ ರಕ್ತ ಹೆಪ್ಪುಗಟ್ಟಬಹುದು.

"ಸಿಗರೇಟು ಕೆಟ್ಟದ್ದು, ಬೀಡಿ ಎಲೆಯದು, ಪರವಾಗಿಲ್ಲ" ಎನ್ನುವವರೂ ಇದ್ದಾರೆ. ಇದು ತಪ್ಪು. ಬೀಡಿ ಪದೇ ಪದೇ ಆರುತ್ತದೆ. ಆರಬಾರದು ಅಂತ ಜೋರಾಗಿ ಎಳೆಯುತ್ತಾರೆ. ವಿಷ ಏನೂ ಕಡಿಮೆ ಹೋಗುವುದಿಲ್ಲ. "ದಿನಕ್ಕೆ ಒಂದೇ ಒಂದು" ಅನ್ನುವ ಲೆಕ್ಕವೂ ಹೃದಯಕ್ಕೆ ಹಿಡಿಸದು. ದಿನಕ್ಕೆ 20 ಸಿಗರೇಟು ಸೇದುವವರಿಗೆ ಹೃದಯ ರೋಗದ ಅಪಾಯ ಎಷ್ಟು ಏರುತ್ತದೋ, ಒಂದೇ ಸೇದುವವರಿಗೂ ಅದರ ಸುಮಾರು ಅರ್ಧದಷ್ಟು ಏರುತ್ತದೆ. ಹಾಗಾಗಿ ಕಡಿಮೆ ಮಾಡಿದರೆ ಸಾಲದು, ಪೂರಾ ಬಿಡಬೇಕು.

ಬಿಟ್ಟರೆ ಲಾಭ ಬೇಗ ಸಿಗುತ್ತದೆ. ಎರಡು ಮೂರು ದಿನದಲ್ಲೇ ವಿಷಗಾಳಿ ರಕ್ತದಿಂದ ಹೋಗುತ್ತದೆ. ಹಾರ್ಟ್ ಅಟ್ಯಾಕ್ ಆದ ಮೇಲೆ ಬಿಟ್ಟವರಲ್ಲಿ, ಬಿಡದವರಿಗಿಂತ ಸಾವು ಸುಮಾರು ಮೂರನೇ ಒಂದು ಪಾಲು ಕಡಿಮೆ. ಇಷ್ಟು ಗುಣ ಕೊಡುವ ಮಾತ್ರೆಗಳು ಕಡಿಮೆ. ಇದಕ್ಕೆ ದುಡ್ಡೂ ಬೇಡ.

ಬೇಸರದ ಗಂಟು

ಹಾಗಾದರೆ ಯಾಕೆ ಬಿಡುವುದಿಲ್ಲ? ಹಟವೇ? ನಾವು ಹಾಗೆ ತಿಳಿಯುವುದಿಲ್ಲ.

ಎದೆನೋವು ಬಂದು ಹೋದವರ ಮನಸ್ಸು ಕುಗ್ಗಿರುತ್ತದೆ. ಐದು ಮಂದಿಯಲ್ಲಿ ಸುಮಾರು ಒಬ್ಬರಿಗೆ ಇದು ಕಾಯಿಲೆಯ ಮಟ್ಟಕ್ಕೇ ಹೋಗುತ್ತದೆ. ಇದನ್ನು ಖಿನ್ನತೆ ಎನ್ನುತ್ತಾರೆ. ನಿನ್ನೆವರೆಗೆ ಮೂಟೆ ಹೊತ್ತವರು ಇಂದು ಕೊಡ ಎತ್ತಬೇಡಿ ಅನ್ನಿಸಿಕೊಳ್ಳುತ್ತಾರೆ. ದುಡಿಮೆ ನಿಂತಿದೆ, ಸಾಲ ನಿಂತಿಲ್ಲ. ರಾತ್ರಿ ಮಲಗಿದರೆ ಬೆಳಿಗ್ಗೆ ಏಳುತ್ತೇನೋ ಇಲ್ಲವೋ ಎಂಬ ಹೆದರಿಕೆ. ಗಂಡಸರು ಇದನ್ನು ಬಾಯಿಬಿಟ್ಟು ಹೇಳುವುದು ಅಪರೂಪ. ಬೀಡಿ ಹಚ್ಚುತ್ತಾರೆ.

ಬೀಡಿ ಸೇದಿದರೆ ಮನಸ್ಸು ಹಗುರ ಆಗ್ತದೆ ಅನ್ನುತ್ತಾರೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಎಳೆದ ಕೆಲವೇ ಸೆಕೆಂಡಿನಲ್ಲಿ ನಿಕೋಟಿನ್ ಮಿದುಳಿಗೆ ಹೋಗುತ್ತದೆ. ಅದು ಇಳಿದಾಗ ಚಡಪಡಿಕೆ ಶುರು. ಇನ್ನೊಂದು ಹಚ್ಚಿದರೆ ಚಡಪಡಿಕೆ ನಿಲ್ಲುತ್ತದೆ. ತುರಿ ಹಚ್ಚಿದ್ದೂ ಬೀಡಿ, ಕೆರೆದದ್ದೂ ಬೀಡಿ. ಬಿಟ್ಟವರನ್ನು ಕೆಲವು ತಿಂಗಳು ಗಮನಿಸಿ ನೋಡಿದ್ದಾರೆ. ಅವರ ಬೇಸರ, ಆತಂಕ ಕಡಿಮೆಯಾಗಿದೆ.

ಆದರೆ ಮೊದಲ ದಿನಗಳು ಕಷ್ಟ. ಸಿಟ್ಟು, ನಿದ್ದೆಗೇಡು, ಹಸಿವು, ಮಂಕು. ಮೊದಲ ವಾರ ಹೆಚ್ಚು. ಎರಡರಿಂದ ನಾಲ್ಕು ವಾರದಲ್ಲಿ ತಗ್ಗುತ್ತದೆ. ಈ ದಿನಗಳಲ್ಲಿ ಅವರು ರೇಗಿದರೆ ಮನೆಯವರು ತಿರುಗಿ ರೇಗಬೇಡಿ. ಅದು ನಿಕೋಟಿನ್ ಆಡಿಸುವ ಮಾತು.

ಮನೆಯವರು ಏನು ಮಾಡಬಹುದು?

ಮೊದಲು ಬೈಗುಳ ನಿಲ್ಲಿಸಿ. "ಸಾಯೋಕೆ ಹುಟ್ಟಿದೀಯಾ" ಅಂದರೆ ಅವರು ಇನ್ನಷ್ಟು ಕುಗ್ಗುತ್ತಾರೆ, ಇನ್ನಷ್ಟು ಕದ್ದು ಸೇದುತ್ತಾರೆ. "ನೀವು ನಮಗೆ ಬೇಕು ರೀ, ಈ ಸಲ ಒಟ್ಟಿಗೆ ಪ್ರಯತ್ನ ಮಾಡೋಣ" ಎಂದು ಹೇಳಿ ನೋಡಿ.

ಒಂದು ದಿನ ಗೊತ್ತು ಮಾಡಿ. ಆ ದಿನ ಬೀಡಿ ಕಟ್ಟು, ಬೆಂಕಿಪೊಟ್ಟಣ, ಸೂರಿನಲ್ಲಿ ಸಿಕ್ಕಿಸಿದ ಮೋಟು ಬೀಡಿ ಎಲ್ಲ ಹೊರಗೆ ಹಾಕಿ. ಮಗನೋ ಅಳಿಯನೋ ಸೇದುವವರಿದ್ದರೆ ಅವರೂ ಬಿಡಲಿ. ಆಗದಿದ್ದರೆ ಮನೆಯೊಳಗಂತೂ ಬೇಡವೇ ಬೇಡ. ಪಕ್ಕದವರ ಹೊಗೆಯೂ ಹೃದಯಕ್ಕೆ ಕೆಟ್ಟದ್ದು. ದಕ್ಷಿಣ ಕನ್ನಡ, ಉಡುಪಿ ಕಡೆ ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ ಅಕ್ಕಂದಿರು ಬಹಳ ಮಂದಿ. ಅವರ ದುಡಿಮೆಯನ್ನು ನಾವು ಹಗುರ ಮಾಡುತ್ತಿಲ್ಲ. ತಂಬಾಕಿನ ಮೊರವನ್ನು ರೋಗಿಯ ಕಣ್ಣಿಗೆ ಬೀಳದ ಕಡೆ ಇಟ್ಟುಕೊಳ್ಳಿ ಎಂದಷ್ಟೇ ಕೇಳುತ್ತೇವೆ.

ಸೇದಬೇಕೆಂಬ ಆಸೆ ಅಲೆಯ ಹಾಗೆ ಬರುತ್ತದೆ. ಐದು ಹತ್ತು ನಿಮಿಷದಲ್ಲಿ ಇಳಿಯುತ್ತದೆ. ಅಷ್ಟು ಹೊತ್ತು ತಳ್ಳಿದರೆ ಗೆದ್ದಂತೆ. ಒಂದು ಲೋಟ ನೀರು ಕುಡಿಯಲಿ. ಬಾಯಿಗೆ ಲವಂಗ, ಸೋಂಪು, ಒಂದಿಷ್ಟು ಹುರಿಗಡಲೆ ಹಾಕಿಕೊಳ್ಳಲಿ. ಕಾಫಿ ಚಹ ಕುಡಿದ ಕೂಡಲೇ ಬೀಡಿ ನೆನಪಾಗುವವರು ಕೆಲವು ದಿನ ಚಹದ ಹೊತ್ತು, ಕೂರುವ ಕಟ್ಟೆ ಎರಡನ್ನೂ ಬದಲಿಸಲಿ. ಆದರೆ ಬೀಡಿ ಬದಲು ಕಡ್ಡಿಪುಡಿ, ಗುಟ್ಕಾ, ನಶ್ಯ ಹಿಡಿಯಬಾರದು. ಅದೂ ತಂಬಾಕೇ. ನಿಕೋಟಿನ್ ಇರುವ ಚೂಯಿಂಗ್ ಗಮ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಹೃದಯದ ರೋಗಿಗಳು ಡಾಕ್ಟರನ್ನು ಕೇಳಿಯೇ ತಗೋಬೇಕು.

ಬೇಸರಕ್ಕೆ ಒಳ್ಳೆಯ ಮದ್ದು ಸಣ್ಣ ಕೆಲಸ. "ನೀವು ಸುಮ್ನೆ ಕೂತ್ಕೊಳ್ಳಿ" ಅಂತ ಎಲ್ಲವನ್ನೂ ಕಿತ್ತುಕೊಳ್ಳಬೇಡಿ. ಸೊಪ್ಪು ಬಿಡಿಸಲಿ, ಮೊಮ್ಮಗುವನ್ನು ಅಂಗನವಾಡಿಗೆ ಬಿಟ್ಟು ಬರಲಿ, ಹಾಲಿನ ಲೆಕ್ಕ ಬರೆಯಲಿ. ಡಾಕ್ಟರು ಒಪ್ಪಿದರೆ ಮೊದಲು ಐದು ಹತ್ತು ನಿಮಿಷ ನಡೆಯಲಿ, ಆಮೇಲೆ ಸ್ವಲ್ಪ ಸ್ವಲ್ಪ ಹೆಚ್ಚಿಸಲಿ. ಜೊತೆಗೆ ಒಬ್ಬರು ಹೋದರೆ ಮಾತೂ ಆಗುತ್ತದೆ. ನಡೆಯುವಾಗ ಎದೆ ಹಿಡಿದರೆ, ಬೆವರು ಬಂದರೆ ಅಲ್ಲೇ ಕೂರಿಸಿ, 108ಕ್ಕೆ ಫೋನ್ ಮಾಡಿ.

ಎರಡು ವಾರ ಕಳೆದರೂ ಮಂಕು ಹೋಗದಿದ್ದರೆ, ಊಟ ನಿದ್ದೆ ಸರಿಯಿಲ್ಲದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಡಾಕ್ಟರಿಗೆ ಹೇಳಿ. ಇದು ಹುಚ್ಚಲ್ಲ, ಗಾಳಿ ಸೋಕಿದ್ದಲ್ಲ. ಹೃದಯದ ರೋಗಿಗಳಿಗೂ ಆಗುವ ಮಾತ್ರೆಗಳಿವೆ. ಗುಣ ಕಾಣಲು ಕೆಲವು ವಾರ ಬೇಕು. ಹಾಗೆಯೇ ಹೃದಯದ ಮಾತ್ರೆಯನ್ನು "ಸುಸ್ತಾಗ್ತದೆ" ಅಂತ ತಾವೇ ನಿಲ್ಲಿಸಬಾರದು. ರಾಜ್ಯದಲ್ಲಿ 2014ರಲ್ಲಿ ಮನೋಚೈತನ್ಯ ಎಂಬ ಕಾರ್ಯಕ್ರಮ ಶುರುವಾಯಿತು. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ಏರ್ಪಾಡು ಅದು. ನಿಮ್ಮಲ್ಲಿ ಯಾವ ದಿನ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

"ನಾನಿದ್ದು ಏನು ಪ್ರಯೋಜನ" ಎಂಬ ಮಾತು ಬಂದರೆ ಕೇಳಿಯೂ ಕೇಳದ ಹಾಗೆ ಇರಬೇಡಿ. "ಸಾಯುವ ಯೋಚನೆ ಬರ್ತಿದೆಯಾ?" ಎಂದು ನೇರವಾಗಿ, ಮೆತ್ತಗೆ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅವರನ್ನು ಒಂಟಿ ಬಿಡಬೇಡಿ. ಹೊಲದ ಔಷಧಿ ಡಬ್ಬಿ ಮನೆಯಿಂದ ಹೊರಗೆ ಕಳಿಸಿ. 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಶುರುವಾದ ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ತಂಬಾಕು ಬಿಡುವವರಿಗೆ ಬೇರೆ ನಂಬರು ಇದೆ: 1800-11-2356. ಇದೂ ಉಚಿತ. 2018ರಿಂದ ಸಿಗರೇಟು ಪ್ಯಾಕಿನ ಮೇಲೆ, ಬೀಡಿ ಕಟ್ಟಿನ ಮೇಲೆ ಈ ನಂಬರು ಅಚ್ಚಾಗಬೇಕೆಂದು ನಿಯಮ ಮಾಡಿದ್ದಾರೆ. ಅಂಕಿ ಕಲಿತವರು ಹೊರಗೆ ಹಾಕುವ ಮೊದಲು ಕಟ್ಟನ್ನು ಒಮ್ಮೆ ತಿರುಗಿಸಿ ಓದಿ.

ಜಾತ್ರೆಯಲ್ಲೋ ಮದುವೆಯಲ್ಲೋ ಯಾರೋ ಬೀಡಿ ನೀಡುತ್ತಾರೆ, ಇವರು ಒಂದು ಎಳೆದುಬಿಡುತ್ತಾರೆ. ಹೀಗಾಗುವುದುಂಟು. ಪೂರಾ ಬಿಟ್ಟವರಲ್ಲಿ ಬಹಳ ಮಂದಿ ಎರಡು ಮೂರು ಸಲ ಸೋತು ಬಿಟ್ಟವರೇ. "ಅಷ್ಟೇ, ಎಲ್ಲ ಹಾಳಾಯ್ತು" ಅನ್ನಬೇಡಿ. ಯಾವ ಹೊತ್ತಿನಲ್ಲಿ, ಯಾರ ಜೊತೆಯಲ್ಲಿ ಹಾಗಾಯಿತು ಎಂದು ಇಬ್ಬರೂ ಕೂತು ಮಾತಾಡಿ, ಮರುದಿನದಿಂದಲೇ ದಿನ ಎಣಿಸಲು ಶುರು ಮಾಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಸೇದದ ಪ್ರತಿ ದಿನಕ್ಕೂ ಒಂದು ಗುರುತು ಹಾಕುವ ಕೆಲಸ ಮೊಮ್ಮಕ್ಕಳಿಗೆ ಕೊಡಿ, ಅವರು ಬಿಡದೆ ಹಾಕುತ್ತಾರೆ.