ಸೆಕೆಂಡಿಗೆ 80 ಪೀಪಾಯಿ

ಕೊಳ್ಳೇಗಾಲ, ಯಳಂದೂರು, ಹನೂರಿನ ಕಡೆ ರೇಷ್ಮೆಹುಳು ಸಾಕಿದವರಿಗೆ ಸಪ್ಪೆ ರೋಗ ಗೊತ್ತು. ನಾಲ್ಕನೇ ಜ್ವರದಿಂದ (ಚರ್ಮ ಕಳಚುವ ನಿದ್ದೆಯಿಂದ) ಎದ್ದು ಸೊಪ್ಪು ಮುಕ್ಕುತ್ತಿದ್ದ ಹುಳು ಇದ್ದಕ್ಕಿದ್ದಂತೆ ಮೇವು ಬಿಡುತ್ತದೆ, ಮೈ ಮೆತ್ತಗಾಗುತ್ತದೆ, ಸತ್ತ ಮೇಲೆ ಕೊಳೆತು ನಾರುತ್ತದೆ. ಇದಕ್ಕೆ ಕಾರಣವಾಗುವ ಬ್ಯಾಕ್ಟೀರಿಯಾಗಳಲ್ಲಿ ಸೆರಾಷಿಯಾ ಒಂದು. ನಮ್ಮ ಕರುಳಿನ ಇ. ಕೋಲೈಗೆ ಅದು ಹತ್ತಿರದ ಬಳಗ. ಎರಡಕ್ಕೂ ಒಳಪೊರೆಯ ಮೇಲೆ ಇನ್ನೊಂದು ಹೊರಪೊರೆ ಇದೆ. ಅನೇಕ ಆಂಟಿಬಯೋಟಿಕ್‌ಗಳು ಅದನ್ನು ದಾಟಲಾರದೆ ಸೋಲುತ್ತವೆ.

ಇ. ಕೋಲೈ ಉದ್ದ ಸುಮಾರು 2 ಮೈಕ್ರೋಮೀಟರ್. 500 ಸಾಲಾಗಿ ನಿಂತರೆ 1 ಮಿಲಿಮೀಟರ್. ಗೂಡಿನಿಂದ ಬಿಚ್ಚಿದ ಒಂಟಿ ರೇಷ್ಮೆ ಎಳೆಯ ಅಡ್ಡಗಲಕ್ಕೆ ಹತ್ತರಷ್ಟು ಸಾಕು. ಇಷ್ಟು ಪುಟ್ಟ ಜೀವಿಯ ಹೊರಪೊರೆಯಲ್ಲಿ ಓಂಪ್-ಎ ಎಂಬ ಒಂದೇ ಬಗೆಯ ಪ್ರೋಟೀನು ಸುಮಾರು 1 ಲಕ್ಷ! ಅನುಕೂಲ ಒದಗಿದರೆ 20 ನಿಮಿಷಕ್ಕೆ ಒಂದು ಜೀವಿ ಎರಡಾಗುತ್ತದೆ. ಅಷ್ಟರಲ್ಲಿ ಇನ್ನೊಂದು ಲಕ್ಷ ಸಿದ್ಧವಾಗಬೇಕು. 1,200 ಸೆಕೆಂಡಿಗೆ ಭಾಗಿಸಿ ನೋಡಿ: ಸೆಕೆಂಡಿಗೆ 80ಕ್ಕೂ ಹೆಚ್ಚು.

ಪ್ರತಿಯೊಂದೂ ಒಳಗೆ ಸಡಿಲ ಸರಪಳಿಯಾಗಿ ಹುಟ್ಟಿ, ಒಳಪೊರೆ ದಾಟಿ, ಹೊರಪೊರೆ ಸೇರಿ ಪೀಪಾಯಿಯ ಆಕಾರಕ್ಕೆ ಮಡಚಿಕೊಳ್ಳಬೇಕು. ಎರಡು ಪೊರೆಗಳ ನಡುವಿನ ಜಾಗದಲ್ಲಿ ಜೀವಕೋಶದ ಮಾಮೂಲಿ ಇಂಧನವಾದ ಎಟಿಪಿ ಇಲ್ಲವೇ ಇಲ್ಲ. ಆದರೂ ಕೆಲಸ ನಿಲ್ಲುವುದಿಲ್ಲ. ಅದನ್ನು ಮಾಡಿಸುವುದು ಬ್ಯಾಮ್ ಎಂಬ 5 ಭಾಗಗಳ ಯಂತ್ರ. ಅದರ ಮುಖ್ಯ ಭಾಗ ಬ್ಯಾಮ್-ಎ, ತಾನೇ 16 ಪಟ್ಟಿಗಳ ಪೀಪಾಯಿ. ಮೊದಲ ಪಟ್ಟಿಗೂ ಕೊನೆಯದಕ್ಕೂ ನಡುವೆ ತೆರೆದುಕೊಳ್ಳುವ ಒಂದು ಸಂದು. ಹೊಸ ಸರಪಳಿ ಅಲ್ಲಿ ಪಟ್ಟಿ ಪಟ್ಟಿಯಾಗಿ ಹೆಣೆದುಕೊಳ್ಳುತ್ತದೆ. ಈ ಪಟ್ಟಿಗಳಿಗೆ ಬೀಟಾ ಎಳೆ ಎನ್ನುತ್ತಾರೆ. ಕೊಳ್ಳೇಗಾಲದ ಸೀರೆಯ ರೇಷ್ಮೆಗೆ ಗಟ್ಟಿತನ ಕೊಡುವುದೂ ಬೀಟಾ ಎಳೆಗಳೇ.

ಆ ಸಂದನ್ನು ಮುಚ್ಚುವ ವಸ್ತುವಿನ ಸುದ್ದಿ 2019ರಲ್ಲಿ ಬಂತು: ಡಾರೋಬ್ಯಾಕ್ಟಿನ್. ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಕಿಮ್ ಲೂಯಿಸ್ ತಂಡಕ್ಕೆ ಅದು ಸಿಕ್ಕಿದ್ದು ಫೋಟೋರಾಬ್ಡಸ್ ಎಂಬ ಬ್ಯಾಕ್ಟೀರಿಯಾದಲ್ಲಿ. ಮಣ್ಣಿನ ಜಂತುಹುಳುಗಳ ಕರುಳಲ್ಲಿದ್ದು, ಅವು ಹೊಕ್ಕ ಕೀಟದ ಮರಿಯನ್ನು ಕೊಲ್ಲುವ ಜೀವಿ ಅದು. ರೇಷ್ಮೆಯ ಪ್ರೋಟೀನಾದ ಫೈಬ್ರಾಯಿನ್‌ನ ದೊಡ್ಡ ಸರಪಳಿಯಲ್ಲಿ 5,263 ಅಮೈನೋ ಆಮ್ಲ, ಬ್ಯಾಮ್-ಎಯಲ್ಲಿ ಸುಮಾರು 800, ಡಾರೋಬ್ಯಾಕ್ಟಿನ್‌ನಲ್ಲಿ ಬರೀ 7. ಬೀಟಾ ಎಳೆಯ ವೇಷದಲ್ಲಿ ಆ ಏಳು ಸಂದಿಗೆ ಅಂಟಿ ಕೂತರೆ ಇಡೀ ಯಂತ್ರ ನಿಂತುಹೋಗುತ್ತದೆ. ಗುರಿ ಹೊರಮೈಯಲ್ಲೇ ಇರುವುದರಿಂದ ಪೊರೆ ದಾಟುವ ಕಷ್ಟವೂ ಇಲ್ಲ.

ಅದು ಔಷಧಿ ಅಂಗಡಿಗೆ ಇನ್ನೂ ಬಂದಿಲ್ಲ. ಹೊರಪೊರೆಯ ಬ್ಯಾಕ್ಟೀರಿಯಾಗಳ ವಿರುದ್ಧ ಪೂರ್ತಿ ಹೊಸ ಬಗೆಯ ಔಷಧ ಕೊನೆಯ ಬಾರಿ ಬಂದದ್ದು 1960ರ ದಶಕದಲ್ಲಿ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು 2019ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ನೇರವಾಗಿ ಬಲಿ ಪಡೆದದ್ದು ಅಂದಾಜು 12.7 ಲಕ್ಷ ಜನರನ್ನು. ನೆಗಡಿಗೂ ಚೀಟಿಯಿಲ್ಲದೆ ಆಂಟಿಬಯೋಟಿಕ್ ನುಂಗಿ, ಇರುವ ಔಷಧಗಳನ್ನು ಮೊಂಡು ಮಾಡುವ ಹಕ್ಕು ನಮಗಿಲ್ಲ. ಮಾತ್ರೆಗೆ ಸಾಯದೆ ಉಳಿದ ಒಂದೇ ಒಂದು ಬ್ಯಾಕ್ಟೀರಿಯಾ, 20 ನಿಮಿಷಕ್ಕೊಮ್ಮೆ ಎರಡಾಗುತ್ತ ಹೋದರೆ, 10 ಗಂಟೆಯಲ್ಲಿ 107 ಕೋಟಿ.