ಕ್ಷಾಮವೂ ಡಾಮರವೂ

‘ಕ್ಷಾಮಡಾಮರ’ವೆಂಬ ಜೋಡುನುಡಿ ಕನ್ನಡಕ್ಕೆ ಹಳೆಯದು. ಡಾಮರವೆಂದೊಡನೆ ಇಂದಿನ ವಿದ್ಯಾರ್ಥಿಗೆ ರಸ್ತೆಗೆ ಹಾಕುವ ಕರಿಯ ಡಾಂಬರು ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಇಲ್ಲಿ ಅದಕ್ಕೆ ದೊಂಬಿ, ಕ್ಷೋಭೆ ಎಂದು ಅರ್ಥ. ಅನ್ನನೀರುಗಳ ಅಭಾವವನ್ನೂ ಜನಜೀವನದ ಅಶಾಂತಿಯನ್ನೂ ಒಂದೇ ಉಸಿರಿನಲ್ಲಿ ಹೇಳಿದ ನಮ್ಮ ಹಿರಿಯರು ಅನುಭವಿಗಳೇ ಸರಿ. ಇವೆರಡರ ನಡುವೆ ಮೂರನೆಯದಾಗಿ ರೋಗವೂ ನಿಂತಿರುತ್ತದೆ. ಭೂಮಿಯ ತಾಪವೇರುತ್ತಿರುವ ಈ ಕಾಲದಲ್ಲಿ ಆ ನುಡಿಗೆ ಭಾಷ್ಯದಂತಿರುವ ಪ್ರದೇಶವೊಂದು ಆಫ್ರಿಕದಲ್ಲಿದೆ. ಅದು ಚಾಡ್ ಸರೋವರದ ಸೀಮೆ.

ಸಹಾರಾ ಮರುಭೂಮಿಯ ದಕ್ಷಿಣದಂಚಿನಲ್ಲಿರುವ ಈ ಸರೋವರದ ದಡವನ್ನು ನೈಜರ್, ನೈಜೀರಿಯಾ, ಚಾಡ್, ಕ್ಯಾಮೆರೂನ್ ಎಂಬ ನಾಲ್ಕು ದೇಶಗಳು ಹಂಚಿಕೊಂಡಿವೆ. 1960ರ ದಶಕದ ಆದಿಯಲ್ಲಿ ಇದರ ಹರವು ಸುಮಾರು 25,000 ಚದರ ಕಿಲೋಮೀಟರ್. ಮುಂದಿನ ಎರಡು ದಶಕಗಳ ಘೋರ ಅನಾವೃಷ್ಟಿಯಿಂದ ಅದು ಹೆಚ್ಚುಕಡಮೆ ಹತ್ತರಲ್ಲೊಂದು ಪಾಲಿಗೆ ಇಳಿಯಿತು. ಸಾಗರಗಳ ಮೇಲ್ಮೈ ಉಷ್ಣತೆಯಲ್ಲಾದ ವ್ಯತ್ಯಾಸವೇ ಆ ಅನಾವೃಷ್ಟಿಗೆ ಮುಖ್ಯ ಕಾರಣವೆಂಬುದು ವಿಜ್ಞಾನಿಗಳ ಮತ. ಬಳಿಕ ಮಳೆ ಕೊಂಚ ಚೇತರಿಸಿಕೊಂಡಿತು, ಸರೋವರವೂ ಸ್ವಲ್ಪ ತುಂಬಿತು. ಆದರೆ ಮಳೆಯ ಹದ ಮರಳಲಿಲ್ಲ. ಒಂದು ವರ್ಷ ಬರವಾದರೆ ಇನ್ನೊಂದು ವರ್ಷ ನೆರೆ.

ನೀರಿನ ನಂಬಿಕೆ ಹೋದಲ್ಲಿ ನೆರೆಯವರ ನಂಬಿಕೆಯೂ ಹೋಗುತ್ತದೆ. 2021ರಲ್ಲಿ ಕ್ಯಾಮೆರೂನಿನ ಉತ್ತರ ತುದಿಯಲ್ಲಿ, ಲೋಗೋನ್ ನದಿಯ ಬಯಲಿನಲ್ಲಿ, ಮೀನುಗಾರರಿಗೂ ದನಗಾಹಿಗಳಿಗೂ ನೀರಿನ ಸಲುವಾಗಿ ಕಾದಾಟವಾಯಿತು. ಹಳ್ಳಿಗಳು ಉರಿದವು, ಹತ್ತಾರು ಸಾವಿರ ಮಂದಿ ಗಡಿ ದಾಟಿ ಚಾಡ್ ದೇಶವನ್ನು ಸೇರಿದರು.

ನೈಜೀರಿಯಾದ ಬೋರ್ನೊ ಪ್ರಾಂತದಲ್ಲಿ 2009ರಿಂದ ಭುಗಿಲೆದ್ದ ಬೋಕೊ ಹರಾಮ್ ದಂಗೆಗೆ ಮತಾಂಧತೆ, ಬಡತನ, ಆಡಳಿತದ ವೈಫಲ್ಯ ಮೊದಲಾದ ಹಲವು ಬೇರುಗಳಿವೆ. ಹವಾಮಾನವೊಂದನ್ನೇ ದೂರುವುದು ಸತ್ಯಕ್ಕೆ ಅಪಚಾರವಾದೀತು. ಆದರೂ ಬಲೆ ಬರಿದಾದ, ಹೊಲ ಒಣಗಿದ ತರುಣನ ಕೈಗೆ ಬಂದೂಕನ್ನು ಕೊಡುವುದು ಸುಲಭವೆಂಬುದನ್ನು ಯಾರು ಅಲ್ಲಗಳೆದಾರು?

ಡಾಮರದ ಹಿಂದೆಯೇ ರೋಗ ಬಂದಿತು. ಲಸಿಕೆ ಹಾಕುವವರು ಹಳ್ಳಿಗಳನ್ನು ತಲುಪದಾದರು. 2015ರಲ್ಲಿ ಪೋಲಿಯೊಪೀಡಿತ ದೇಶಗಳ ಪಟ್ಟಿಯಿಂದ ಹೊರಬಂದಿದ್ದ ನೈಜೀರಿಯಾದಲ್ಲಿ, 2016ರಲ್ಲಿ, ಇದೇ ಬೋರ್ನೊದ ಮಕ್ಕಳಲ್ಲಿ ಆ ರೋಗ ಮರಳಿ ಕಾಣಿಸಿಕೊಂಡಿತು. ಮರುವರ್ಷ ನಿರಾಶ್ರಿತರ ಕಿಕ್ಕಿರಿದ ಶಿಬಿರಗಳಲ್ಲಿ ಕಾಲರಾ ಹಬ್ಬಿತು. 2024ರ ಸೆಪ್ಟೆಂಬರಿನಲ್ಲಿ ಅತಿವೃಷ್ಟಿಯಿಂದ ಅಲಾವು ಅಣೆಕಟ್ಟು ಒಡೆದು ಮೈದುಗುರಿ ನಗರದ ಬಹುಭಾಗ ಜಲಾವೃತವಾದಾಗ, ದಂಗೆಗೆ ಬೆದರಿ ಅಲ್ಲಿ ಆಶ್ರಯ ಪಡೆದಿದ್ದವರು ಮತ್ತೊಮ್ಮೆ ನೆಲೆ ಕಳೆದುಕೊಂಡರು.

ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2017ರ ಮಾರ್ಚಿಯಲ್ಲಿ ಅಂಗೀಕರಿಸಿದ 2349ನೆಯ ನಿರ್ಣಯದಲ್ಲಿ, ಈ ಸೀಮೆಯ ಅಸ್ಥಿರತೆಗೆ ಇತರ ಕಾರಣಗಳೊಡನೆ ಹವಾಮಾನದ ಬದಲಾವಣೆಯನ್ನೂ ಹೆಸರಿಸಿತು. ಯುದ್ಧ ಮತ್ತು ಶಾಂತಿಗಳನ್ನು ಕುರಿತು ಚಿಂತಿಸುವ ಸಭೆ ಮಳೆಯನ್ನು ಕುರಿತೂ ಚಿಂತಿಸಬೇಕಾಯಿತೆಂಬುದು ಗಮನಾರ್ಹ.

ಲೋಕದ ಹೊಗೆಯಲ್ಲಿ ಈ ಸೀಮೆಯ ಬೆಸ್ತನ, ದನಗಾಹಿಯ ಪಾಲು ಅತ್ಯಲ್ಪ. ಅದರ ಫಲದಲ್ಲಿ ಮಾತ್ರ ಅವರ ಪಾಲು ದೊಡ್ಡದು. ಸೈನ್ಯವೊಂದರಿಂದಲೇ ಇಲ್ಲಿ ಶಾಂತಿ ನೆಲೆಸದು, ಔಷಧವೊಂದರಿಂದಲೇ ಆರೋಗ್ಯ ಮರಳದು. ಕುಡಿಯುವ ನೀರಿನ ಬಾವಿ, ಲಸಿಕೆ ಹೊತ್ತ ದಾದಿ, ಹಂಚಿಕೊಂಡು ಬಾಳುವ ಒಡಂಬಡಿಕೆ ಈ ಮೂರೂ ಒಟ್ಟಿಗೆ ಬರಬೇಕು. ಹೊಗೆ ಹೆಚ್ಚು ಬಿಟ್ಟವರು ಅದರ ವೆಚ್ಚದಲ್ಲಿ ಹೆಚ್ಚು ಭಾಗ ಹೊರುವುದು ದಾನವಲ್ಲ, ಋಣಸಂದಾಯ.